ನೀರು ಕುಡಿಯುವ ರೋವರ್ ವಿ8: ಅಲ್ಯೂಮಿನಿಯಂ ಬ್ಲಾಕ್, ದೊಡ್ಡ ಬೋರ್, ಲೈನರ್ ಮತ್ತು ಬಾಳಿಕೆ

ರೇಡಿಯೇಟರ್ ಸರಿಯಾಗಿದೆ. ಹೋಸ್ ಎಲ್ಲೂ ಒದ್ದೆಯಾಗಿಲ್ಲ. ಗಾಡಿ ನಿಂತ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ. ಆದರೂ ಎರಡು ವಾರ ಬಿಟ್ಟು ನೋಡಿದರೆ ಕೂಲೆಂಟ್ ಇಳಿದಿರುತ್ತದೆ. 1990ರ ದಶಕದ ರೇಂಜ್ ರೋವರ್, ಡಿಸ್ಕವರಿ ಗಾಡಿಗಳಲ್ಲಿ ಬಂದ 3.9, 4.0, 4.6 ಲೀಟರ್ ವಿ8 ಎಂಜಿನ್ ಇಟ್ಟುಕೊಂಡವರಿಗೆ ಈ ಕತೆ ಚೆನ್ನಾಗಿ ಗೊತ್ತು. ಮೊದಲು ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಬ್ಲಾಕ್‌ಗೂ ಅದರ ಮುಚ್ಚಳವಾದ ಹೆಡ್‌ಗೂ ನಡುವೆ ಇರುವ ಪದರದ ಮೇಲೆ, ಅನುಮಾನ ಬರುತ್ತದೆ. ಗ್ಯಾಸ್ಕೆಟ್ ಬದಲಾಯಿಸುತ್ತಾರೆ, ಸ್ವಲ್ಪ ದಿನ ಸುಮ್ನೆ ಇರುತ್ತದೆ, ಮತ್ತೆ ನೀರು ಇಳಿಯುತ್ತದೆ. ಎರಡನೇ ಸಲ ಗ್ಯಾಸ್ಕೆಟ್ ಹಾಕಿಸಿ, ಹೆಡ್ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸಿ ದುಡ್ಡು ಸುರಿದ ಮೇಲೆ ಯಾರೋ ಒಬ್ಬರು ಹೇಳುತ್ತಾರೆ: ತೊಂದರೆ ಗ್ಯಾಸ್ಕೆಟ್‌ನಲ್ಲಿ ಇಲ್ಲ, ಲೈನರ್ ಹಿಂದೆ ಬ್ಲಾಕ್ ಬಿರುಕು ಬಿಟ್ಟಿದೆ ಅಂತ. ಲೈನರ್ ಅಂದರೆ ಬ್ಲಾಕ್‌ನ ಸಿಲಿಂಡರ್ ರಂಧ್ರದೊಳಗೆ ಕೂರಿಸುವ ಕಬ್ಬಿಣದ ಕೊಳವೆ, ಪಿಸ್ಟನ್ ಓಡಾಡೋದು ಅದರೊಳಗೆ.

ಅಲ್ಯೂಮಿನಿಯಂ ಬ್ಲಾಕ್‌ಗೆ ಲೈನರ್ ಹಾಕಿ ಬೋರ್ (ಸಿಲಿಂಡರ್‌ನ ಒಳವ್ಯಾಸ) ದೊಡ್ಡದು ಮಾಡುವ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಯಾಕೆಂದರೆ ಇಲ್ಲಿ ಬೋರ್ ದೊಡ್ಡದು ಮಾಡಿದ್ದು ಯಾವುದೋ ಗಲ್ಲಿಯ ಅಂಗಡಿ ಅಲ್ಲ, ಕಾರ್ಖಾನೆಯೇ. ಅದರ ಫಲ ಏನಾಯಿತು ಅನ್ನೋದನ್ನು ನೋಡೋಕೆ ನಮ್ಮ ಮುಂದೆ ದಶಕಗಳ ಗಾಡಿಗಳಿವೆ.

ಎಂಜಿನ್ ಹುಟ್ಟಿದ್ದು ಅಮೆರಿಕದಲ್ಲಿ. ಬ್ಯುಇಕ್ ಕಂಪನಿ 1961ರ ಮಾದರಿಗೆ 215 ಕ್ಯುಬಿಕ್ ಇಂಚಿನ, ಅಂದರೆ 3.5 ಲೀಟರ್‌ನ ಪೂರ್ತಿ ಅಲ್ಯೂಮಿನಿಯಂ ವಿ8 ತಂದಿತು. ತೂಕ ಸುಮಾರು 145 ಕಿಲೋ. ಆ ಕಾಲದ ವಿ8ಗೆ ಇದು ತುಂಬಾ ಕಡಿಮೆ. ಬೋರ್ 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ) 71.1 ಮಿ.ಮೀ. ಒಳಗೆ ಎರಕದ ಕಬ್ಬಿಣದ ಲೈನರ್ ಇಟ್ಟು ಅದರ ಸುತ್ತಲೇ ಅಲ್ಯೂಮಿನಿಯಂ ಎರಕ ಹೊಯ್ಯುತ್ತಿದ್ದರು. ಎರಕದ ತೊಂದರೆ, ಖರ್ಚು ಎರಡೂ ಜಾಸ್ತಿಯಾಗಿ 1963ಕ್ಕೇ ನಿಲ್ಲಿಸಿಬಿಟ್ಟರು. ಬ್ರಿಟನ್ನಿನ ರೋವರ್ ಕಂಪನಿಯ ಆಗಿನ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಅಮೆರಿಕಕ್ಕೆ ಹೋಗಿದ್ದಾಗ ಇದನ್ನು ಕಂಡು, ಹಕ್ಕು ಕೊಳ್ಳುವ ಮಾತುಕತೆ ನಡೆಸಿ, 1965ರಲ್ಲಿ ಒಪ್ಪಂದ ಮುಗಿಸಿದರು. 1967ರಲ್ಲಿ ರೋವರ್ ಪಿ5ಬಿ ಕಾರಿನಲ್ಲಿ, 1970ರಲ್ಲಿ ರೇಂಜ್ ರೋವರ್‌ನಲ್ಲಿ ಇದೇ ಎಂಜಿನ್ ಬಂತು.

ರೋವರ್ ಒಂದು ಮುಖ್ಯ ಬದಲಾವಣೆ ಮಾಡಿತು. ಲೈನರ್ ಸುತ್ತ ಎರಕ ಹೊಯ್ಯೋದು ಬಿಟ್ಟು, ಮರಳಿನ ಅಚ್ಚಿನಲ್ಲಿ ಬ್ಲಾಕ್ ಎರಕ ಮಾಡಿ, ಆಮೇಲೆ ಅದನ್ನು ಕೊರೆದು ಲೈನರ್ ಒತ್ತಿ ಕೂರಿಸಿತು. ಇದರಲ್ಲಿ ತಪ್ಪೇನೂ ಇರಲಿಲ್ಲ. 3.5 ಲೀಟರ್ ಎಂಜಿನ್‌ಗಳು ಗಟ್ಟಿಮುಟ್ಟು ಅಂತಲೇ ಹೆಸರಾದವು. 1966ರಲ್ಲಿ ಜ್ಯಾಕ್ ಬ್ರಾಭಂ ಫಾರ್ಮುಲಾ ಒನ್ ಚಾಂಪಿಯನ್ ಆದ ರೆಪ್ಕೋ ಎಂಜಿನ್ ಕೂಡ ಇದೇ ಮನೆತನದ ಓಲ್ಡ್ಸ್‌ಮೊಬೈಲ್ ಬ್ಲಾಕ್ ಮೇಲೆ ಕಟ್ಟಿದ್ದು. ಅದಕ್ಕೂ ಬೋರ್ 88.9 ಮಿ.ಮೀ. ಅನ್ನೋದನ್ನು ನೆನಪಿಟ್ಟುಕೊಳ್ಳಿ. ಆ ಅಳತೆಯಲ್ಲಿ ಈ ಬ್ಲಾಕ್ ರೇಸ್ ಕೂಡ ತಡೆದುಕೊಂಡಿತ್ತು.

ಎಲ್ಲಿ ಎಡವಟ್ಟಾಯಿತು

1989ರಲ್ಲಿ ರೇಂಜ್ ರೋವರ್‌ಗೆ 3.9 ಲೀಟರ್ ಬಂತು. ಸ್ಟ್ರೋಕ್ ಅದೇ 71.1, ಬೋರ್ ಮಾತ್ರ 88.9ರಿಂದ 94 ಮಿ.ಮೀ.ಗೆ ಹೋಯಿತು. 5 ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು ಅಲ್ವಾ? ಲೆಕ್ಕ ಹಾಕಿ ನೋಡೋಣ. ಈ ಬ್ಲಾಕ್‌ನಲ್ಲಿ ಒಂದು ಸಿಲಿಂಡರ್‌ನ ನಡುವಿನಿಂದ ಪಕ್ಕದ ಸಿಲಿಂಡರ್‌ನ ನಡುವಿಗೆ 107.7 ಮಿ.ಮೀ. ದೂರ. 88.9 ಬೋರ್ ಇದ್ದಾಗ ಎರಡು ಬೋರ್‌ಗಳ ಮಧ್ಯೆ 18.8 ಮಿ.ಮೀ. ಉಳಿಯುತ್ತಿತ್ತು. 94ಕ್ಕೆ ಬಂದಾಗ ಅದು 13.7ಕ್ಕೆ ಇಳಿಯಿತು. ಈ 13.7ರಲ್ಲೇ ಎರಡು ಲೈನರ್‌ಗಳ ಗೋಡೆಯೂ ಸೇರಬೇಕು, ಲೈನರ್ ಹಿಡಿದುಕೊಳ್ಳುವ ಅಲ್ಯೂಮಿನಿಯಂ ಕೂಡ ಸೇರಬೇಕು.

ಸಿಲಿಂಡರ್‌ಗಳ ಮಧ್ಯದ ಜಾಗ ಒಂದು ಕಡೆ ಇರಲಿ. ನಿಜವಾದ ಪೆಟ್ಟು ಬಿದ್ದದ್ದು ಹೊರಗೋಡೆಗೆ, ಅಂದರೆ ಲೈನರ್‌ಗೂ ವಾಟರ್ ಜಾಕೆಟ್‌ಗೂ (ಬ್ಲಾಕ್ ಒಳಗೆ ಕೂಲೆಂಟ್ ಹರಿಯುವ ಪೊಳ್ಳು ಜಾಗ) ನಡುವೆ ಇರುವ ಅಲ್ಯೂಮಿನಿಯಂಗೆ. ಮರಳಿನ ಎರಕದಲ್ಲಿ ವಾಟರ್ ಜಾಕೆಟ್‌ನ ಆಕಾರ ಕೊಡೋದು ಒಳಗೆ ಇಡುವ ಮರಳಿನ ಕೋರ್. ಲೋಹ ಹೊಯ್ಯುವಾಗ ಆ ಕೋರ್ ಒಂದಿಷ್ಟು ಜರುಗಿದರೂ ಸಿಲಿಂಡರ್‌ನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಗೋಡೆ ಧಾರಾಳವಾಗಿದ್ದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರೋದಿಲ್ಲ. ಬೋರ್ ದೊಡ್ಡದು ಮಾಡಿ ಗೋಡೆಯನ್ನು ಕೊನೆಯ ಮಿತಿಗೆ ತಂದ ಮೇಲೆ ಅದೇ ವ್ಯತ್ಯಾಸ ಎಂಜಿನ್‌ನ ಹಣೆಬರಹ ಬರೆಯುತ್ತದೆ. ಹಾಗಾಗಿಯೇ ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ಒಂದು ಮೂರು ಲಕ್ಷ ಕಿಲೋಮೀಟರ್ ತೊಂದರೆ ಇಲ್ಲದೆ ಓಡಬಹುದು, ಇನ್ನೊಂದು ಲಕ್ಷ ದಾಟುವ ಮೊದಲೇ ಬಿರುಕು ಬಿಡಬಹುದು. ಓಡಿಸುವವರ ತಪ್ಪು ಅಂತ ಎಲ್ಲದಕ್ಕೂ ಹೇಳೋದು ಅನ್ಯಾಯ.

ಇನ್ನು ಶಾಖದ ವಿಷಯ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವ ಪ್ರಮಾಣ ಕಬ್ಬಿಣದ ಸುಮಾರು ಎರಡರಷ್ಟು. ಲೈನರ್‌ನ ಹೊರವ್ಯಾಸ 100 ಮಿ.ಮೀ. ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ. 20 ಡಿಗ್ರಿಯಿಂದ 95 ಡಿಗ್ರಿಗೆ ಬಂದಾಗ ಬ್ಲಾಕ್‌ನ ರಂಧ್ರ ಲೈನರ್‌ಗಿಂತ ಸುಮಾರು 0.08 ಮಿ.ಮೀ. ಜಾಸ್ತಿ ಹಿಗ್ಗುತ್ತದೆ. ಅಂದರೆ ತಣ್ಣಗಿದ್ದಾಗ ಇದ್ದ ಬಿಗಿಯಲ್ಲಿ ಅಷ್ಟು ಕಳೆದುಹೋಯಿತು. ಲೈನರ್ ಒಳಗಡೆ ಬೆಂಕಿಯ ಪಕ್ಕ ಇರೋದರಿಂದ ಅದು ಬ್ಲಾಕ್‌ಗಿಂತ ಬಿಸಿಯಾಗಿ ಸ್ವಲ್ಪ ತಾನೂ ಹಿಗ್ಗುತ್ತದೆ, ಆದ್ದರಿಂದ ನಷ್ಟ ಈ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ. ಆದರೆ ನೀರು ಕಡಿಮೆಯಾಗಿ ಬ್ಲಾಕ್ 130 ಡಿಗ್ರಿ ಮುಟ್ಟಿತು ಅಂದರೆ ವ್ಯತ್ಯಾಸ 0.12ಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಲೈನರ್ ಸಡಿಲವಾಗಿ, ಪಿಸ್ಟನ್ ಜೊತೆಗೆ ಮೇಲೆ ಕೆಳಗೆ ಕುಣಿಯೋಕೆ ಶುರುಮಾಡುತ್ತದೆ. ಬಿಸಿಯಾದ ಮೇಲೆ ಮಾತ್ರ ಕೇಳುವ ಟಕ್ ಟಕ್ ಶಬ್ದ ಇದರದ್ದು. ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ, ಲಿಫ್ಟರ್ ಅಂದರೂ ಅದೇ) ಶಬ್ದ ಅಂದುಕೊಂಡು ಲಿಫ್ಟರ್ ಬದಲಾಯಿಸಿದವರು ತುಂಬಾ ಜನ ಇದ್ದಾರೆ.

ಹಾಗಾದರೆ ಬಿಗಿಯನ್ನೇ ಜಾಸ್ತಿ ಇಟ್ಟರೆ? ಅಲ್ಲೇ ಸಿಕ್ಕು ಇರೋದು. ಲೈನರ್ ಎಷ್ಟು ಬಿಗಿಯಾಗಿ ಕೂರುತ್ತದೋ ಅಷ್ಟು ಜೋರಾಗಿ ಸುತ್ತಲಿನ ಅಲ್ಯೂಮಿನಿಯಂ ಗೋಡೆಯನ್ನು ಹೊರಕ್ಕೆ ಎಳೆದಿಟ್ಟಿರುತ್ತದೆ. ಗೋಡೆ ತೆಳುವಾದರೆ ಆ ಎಳೆತಕ್ಕೇ ಬಿರುಕು. ಅದರ ಜೊತೆಗೆ ಹೆಡ್ ಬೋಲ್ಟ್‌ಗಳು ಅದೇ ಜಾಗದಲ್ಲಿ ಬ್ಲಾಕನ್ನು ಮೇಲಕ್ಕೆ ಎಳೆಯುತ್ತಿರುತ್ತವೆ. ಹೀಗಾಗಿ ಬೋಲ್ಟ್ ರಂಧ್ರದ ಆಸುಪಾಸಿನಲ್ಲೇ, ಲೈನರ್ ಹಿಂದುಗಡೆ, ಕಣ್ಣಿಗೆ ಬೀಳದಂತೆ ಗೆರೆ ಶುರುವಾಗುತ್ತದೆ. ಕೂಲೆಂಟ್ ಆ ಗೆರೆಯಿಂದ ಲೈನರ್ ಹಿಂದಕ್ಕೆ ಬರುತ್ತದೆ, ಲೈನರ್ ತುದಿಯಿಂದ ಸಿಲಿಂಡರ್‌ಗೆ ಇಳಿಯುತ್ತದೆ. ಉರಿಯುವ ಗ್ಯಾಸ್ ಅದೇ ದಾರಿಯಲ್ಲಿ ಎದುರು ಬಂದು ಕೂಲೆಂಟ್‌ಗೆ ಸೇರುತ್ತದೆ. ನೀರಿನಲ್ಲಿ ಗ್ಯಾಸ್ ತುಂಬಿದ ಮೇಲೆ ಅದು ಶಾಖ ಹೊರೋದಿಲ್ಲ, ಬ್ಲಾಕ್ ಇನ್ನಷ್ಟು ಕಾಯುತ್ತದೆ, ಲೈನರ್ ಇನ್ನಷ್ಟು ಸಡಿಲವಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಈ ಗಾಡಿಗಳ ಟೆಂಪರೇಚರ್ ಮುಳ್ಳು ನಿಜ ಹೇಳೋದಿಲ್ಲ. ಸಣ್ಣಪುಟ್ಟ ಏರಿಳಿತ ಕಂಡು ಮಾಲೀಕರು ಗಾಬರಿಯಾಗಬಾರದು ಅಂತ, ಬಿಸಿ ಎಷ್ಟೋ ಏರಿದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿದ್ದಾರೆ. ಅದು ಕೆಂಪಿನ ಕಡೆ ಹೊರಟಾಗ ಆಗಬಾರದ್ದು ಆಗಿಹೋಗಿರುತ್ತದೆ. ಇಷ್ಟು ತೆಳು ಗೋಡೆಯ ಎಂಜಿನ್‌ಗೆ ಇಂಥ ಮೀಟರ್ ಕೊಟ್ಟದ್ದು ನನಗೆ ಈಗಲೂ ಸಿಟ್ಟು ಬರಿಸುವ ವಿಷಯ. ಇಂಥ ಗಾಡಿ ಇದ್ದರೆ ಎಂಜಿನ್ ಕಂಪ್ಯೂಟರ್‌ನಿಂದ ನೇರವಾಗಿ ಡಿಗ್ರಿ ಓದುವ ಒಂದು ಸಣ್ಣ ಮೀಟರ್ ಹಾಕಿಕೊಳ್ಳಿ. ಡಿಸ್ಕವರಿ 2 ಮಾಲೀಕರಲ್ಲಿ ತುಂಬಾ ಜನ 82 ಡಿಗ್ರಿಗೇ ತೆರೆಯುವ ಥರ್ಮೋಸ್ಟಾಟ್ ಹಾಕಿಕೊಳ್ಳುತ್ತಾರೆ. ಮೇಲಿನ ಹಿಗ್ಗುವ ಲೆಕ್ಕ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಪತ್ತೆ ಮಾಡೋದು

ಎಂಜಿನ್ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಇಟ್ಟು ನೋಡಿ. ಏಳು ಪ್ಲಗ್ ಕಂದು ಬಣ್ಣ ಇದ್ದು ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ. ಕ್ಯಾಮೆರಾ ಇಳಿಸಿದರೆ ಅದೇ ಪಿಸ್ಟನ್ ತಲೆಯ ಮೇಲೆ ಇಂಗಾಲವೇ ಇರೋದಿಲ್ಲ, ಹಬೆ ತೊಳೆದು ಬಿಟ್ಟಿರುತ್ತದೆ. ಕೂಲೆಂಟ್‌ನಲ್ಲಿ ಗ್ಯಾಸ್ ಇದೆಯಾ ಅಂತ ನೋಡೋಕೆ ನೀಲಿ ದ್ರವದ ಪರೀಕ್ಷೆ ಇದೆ, ಗ್ಯಾಸ್ ಇದ್ದರೆ ಹಳದಿಗೆ ತಿರುಗುತ್ತದೆ. ಆದರೆ ಇದು ಗ್ಯಾಸ್ಕೆಟ್ ಹೋಗಿದ್ದರೂ ಹಳದಿಯಾಗುತ್ತದೆ, ಬ್ಲಾಕ್ ಬಿರುಕಿದ್ದರೂ ಹಳದಿಯಾಗುತ್ತದೆ. ಇಲ್ಲೇ ಜನ ಗ್ಯಾಸ್ಕೆಟ್ ಅಂತ ತೀರ್ಮಾನಿಸಿ ಮೋಸ ಹೋಗೋದು.

ಹೆಡ್ ತೆಗೆದ ಮೇಲೆ ಗ್ಯಾಸ್ಕೆಟ್‌ನ ಉಂಗುರದ ಗುರುತು ನೋಡಿ. ಗ್ಯಾಸ್ಕೆಟ್ ಹೋಗಿದ್ದರೆ ಗ್ಯಾಸ್ ಹಾದುಹೋದ ಕಪ್ಪು ಗೆರೆ ಎಲ್ಲಾದರೂ ಕಾಣಲೇಬೇಕು. ಗ್ಯಾಸ್ಕೆಟ್ ಎಲ್ಲಾ ಕಡೆ ಚೆನ್ನಾಗಿದ್ದು ನೀರು ಮಾತ್ರ ಹೋಗುತ್ತಿದ್ದರೆ ಬ್ಲಾಕ್ ಮೇಲೆ ಕೈಯಿಡಿ. ನಿಜವಾಗಿಯೂ ಕೈಯಿಡಿ: ಬೆರಳಿನ ಉಗುರನ್ನು ಬ್ಲಾಕ್ ಮೇಲ್ಮೈಯಿಂದ ಲೈನರ್ ಅಂಚಿನ ಕಡೆಗೆ ಎಳೆದರೆ, ಕೆಳಗೆ ಜಾರಿದ ಲೈನರ್ ಇದ್ದಲ್ಲಿ ಉಗುರು ಮೆಟ್ಟಿಲು ಇಳಿದಂತೆ ತಟ್ಟುತ್ತದೆ. ಆಮೇಲೆ ಡಯಲ್ ಗೇಜ್ ಇಟ್ಟು ಅಳೆಯಿರಿ.

ಬಿರುಕು ನೋಡೋಕೆ ಕಬ್ಬಿಣದ ಬ್ಲಾಕ್‌ಗೆ ಮಾಡುವ ಅಯಸ್ಕಾಂತದ ಪರೀಕ್ಷೆ ಇಲ್ಲಿ ನಡೆಯೋದಿಲ್ಲ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟೋದಿಲ್ಲ. ಲೈನರ್ ಹೊರತೆಗೆದು ಬಿರುಕಿನೊಳಗೆ ಇಳಿಯುವ ಬಣ್ಣ ಹಚ್ಚಿ ನೋಡಬೇಕು. ಅದಕ್ಕಿಂತ ಖಚಿತ ಅಂದರೆ ಪ್ರೆಷರ್ ಟೆಸ್ಟ್: ನೀರಿನ ದಾರಿಗಳನ್ನೆಲ್ಲ ಪ್ಲೇಟ್ ಹಾಕಿ ಮುಚ್ಚಿ, ಬ್ಲಾಕನ್ನು ಬಿಸಿ ಮಾಡಿ, ಗಾಳಿ ತುಂಬಿ ನೋಡೋದು. ತಣ್ಣಗಿರುವಾಗ ಮುಚ್ಚಿಕೊಂಡಿದ್ದ ಗೆರೆ ಬಿಸಿಯಲ್ಲಿ ಬಾಯಿ ಬಿಡುತ್ತದೆ, ಆದ್ದರಿಂದ ತಣ್ಣನೆಯ ಬ್ಲಾಕ್ ಪರೀಕ್ಷೆಯಲ್ಲಿ ಪಾಸಾಯಿತು ಅಂದರೆ ನಂಬಬೇಡಿ.

ಕಾಲರ್ ಇರುವ ಲೈನರ್

ಬ್ರಿಟನ್ನಿನ ಎಂಜಿನ್ ಕೆಲಸದವರು ಇದಕ್ಕೆ ಕಂಡುಕೊಂಡ ಪರಿಹಾರ ಟಾಪ್ ಹ್ಯಾಟ್ ಲೈನರ್. ನಮ್ಮ ಕಡೆ ಟ್ರ್ಯಾಕ್ಟರ್, ಲಾರಿ ಎಂಜಿನ್ ನೋಡಿದವರಿಗೆ ಕಾಲರ್ ಲೈನರ್ ಅಂದರೆ ಸಾಕು. ಮೇಲ್ತುದಿಯಲ್ಲಿ ಒಂದು ಅಗಲದ ಅಂಚು ಇರುತ್ತದೆ. ಬ್ಲಾಕ್‌ನ ಮೇಲ್ಮುಖದಲ್ಲಿ ಅದಕ್ಕೆ ಸರಿಯಾದ ಮೆಟ್ಟಿಲು ಕೊರೆದು ಅಲ್ಲಿ ಕೂರಿಸುತ್ತಾರೆ. ಅದರ ಮೇಲೆ ಹೆಡ್ ಗ್ಯಾಸ್ಕೆಟ್‌ನ ಉಂಗುರ ಬರುತ್ತದೆ, ಅದರ ಮೇಲೆ ಹೆಡ್. ಕಾಲರ್ ಹೀಗೆ ನಡುವೆ ಸಿಕ್ಕಿಕೊಳ್ಳುವುದರಿಂದ ಲೈನರ್ ಕೆಳಗೂ ಇಳಿಯೋದಿಲ್ಲ, ಮೇಲೂ ಏಳೋದಿಲ್ಲ. ಎಂಜಿನ್ ಎಷ್ಟೇ ಕಾದು ಬಿಗಿ ಸಡಿಲವಾದರೂ ಅದು ಜಾಗ ಬಿಡುವ ಪ್ರಶ್ನೆ ಇಲ್ಲ. ಇನ್ನೂ ದೊಡ್ಡ ಲಾಭ ಅಂದರೆ, ಹಿಂದೆ ಸಣ್ಣ ಬಿರುಕು ಇದ್ದರೂ ನೀರಿಗೂ ಸಿಲಿಂಡರ್‌ಗೂ ಇದ್ದ ದಾರಿಯನ್ನು ಕಾಲರ್ ಮೇಲ್ಗಡೆಯೇ ಮುಚ್ಚಿಬಿಡುತ್ತದೆ.

ಹಾಕುವ ಕೆಲಸ ನೋಡೋಕೆ ಚೆಂದ. ಹಳೆಯ ಲೈನರ್ ತೆಗೆದು, ಬೋರ್ ಸರಿಯಾದ ಅಳತೆಗೆ ಕೊರೆದು, ಎಂಟೂ ಕಾಲರ್ ಮೆಟ್ಟಿಲುಗಳ ಆಳ ಒಂದೇ ಸಮ ಇರುವಂತೆ ನೋಡಿಕೊಂಡ ಮೇಲೆ ಬ್ಲಾಕನ್ನು ಒಲೆಯಲ್ಲಿ ಸುಮಾರು 150 ಡಿಗ್ರಿಗೆ ಕಾಯಿಸುತ್ತಾರೆ. 130 ಡಿಗ್ರಿ ಏರಿಕೆಗೆ 100 ಮಿ.ಮೀ. ರಂಧ್ರ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ. ಲೈನರ್‌ಗೆ ಇಟ್ಟಿರುವ ಬಿಗಿ ಅದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ತಣ್ಣನೆಯ ಲೈನರ್ ಸುತ್ತಿಗೆ, ಪ್ರೆಸ್ ಏನೂ ಬೇಡದೆ ಕೈ ಬಿಟ್ಟರೆ ಸರ್ರನೆ ಇಳಿದು ಕಾಲರ್ ಮೆಟ್ಟಿಲಿಗೆ ಠಣ್ ಅಂತ ತಾಗುತ್ತದೆ. ಆ ಶಬ್ದ ಬರಬೇಕು. ಮೊಂಡು ಶಬ್ದ ಬಂದರೆ ಕೆಳಗೆ ಕಸವೋ ಬರ್ರೋ (ಕೊರೆದಾಗ ಉಳಿದ ಲೋಹದ ಮುಳ್ಳು) ಸಿಕ್ಕಿದೆ ಅಂತ ಅರ್ಥ, ತಕ್ಷಣ ಎಳೆಯಬೇಕು, ಕೆಲವೇ ಸೆಕೆಂಡ್ ಕಳೆದರೆ ಲೈನರ್ ಬಿಸಿ ಹೀರಿಕೊಂಡು ಹಿಗ್ಗಿ ಕಚ್ಚಿಕೊಳ್ಳುತ್ತದೆ. ಇಳಿದ ಮೇಲೆ ಬ್ಲಾಕ್ ತಣಿಯುವ ತನಕ ಲೈನರ್ ಮೇಲೆ ಒತ್ತಡ ಇಟ್ಟಿರಬೇಕು. ಸುಮ್ನೆ ಬಿಟ್ಟರೆ ತಣಿಯುವಾಗ ಅದು ಕೂದಲೆಳೆಯಷ್ಟು ಮೇಲೆದ್ದು ಕಾಲರ್ ಕೆಳಗೆ ಸಂದು ಉಳಿಯುತ್ತದೆ. ಸಂದು ಉಳಿದ ಕಾಲರ್‌ಗೆ ಹೆಡ್ ಬಿಗಿದಾಗ ಅದು ಅಲ್ಲೇ ಮುರಿಯುತ್ತದೆ.

ಆಮೇಲೆ ಬ್ಲಾಕ್ ಮೇಲ್ಮುಖ ಮತ್ತು ಕಾಲರ್‌ಗಳನ್ನು ಒಟ್ಟಿಗೇ ಫೇಸಿಂಗ್ ಮಾಡಬೇಕು. ಬೋರಿಂಗ್, ಹೋನಿಂಗ್ (ಬೋರ್‌ನ ಒಳಮೈ ಕೊನೆಯದಾಗಿ ಉಜ್ಜಿ ನಯ ಮಾಡೋದು) ಮಾಡುವಾಗ ಹೆಡ್‌ನ ಜಾಗದಲ್ಲಿ ದಪ್ಪ ಟಾರ್ಕ್ ಪ್ಲೇಟ್ ಬಿಗಿದಿರಬೇಕು. ಬೋಲ್ಟ್ ಬಿಗಿದಾಗ ಅಲ್ಯೂಮಿನಿಯಂ ಬ್ಲಾಕ್ ಎಳೆದುಕೊಂಡು ಬೋರ್‌ನ ದುಂಡು ಕೆಡುತ್ತದೆ, ಪ್ಲೇಟ್ ಇಲ್ಲದೆ ಹೋನ್ ಮಾಡಿದರೆ ಮೇಜಿನ ಮೇಲೆ ದುಂಡಾಗಿದ್ದದ್ದು ಗಾಡಿಯಲ್ಲಿ ದುಂಡಾಗಿರೋದಿಲ್ಲ. ಈ ಪ್ಲೇಟ್ ಇಲ್ಲ ಅನ್ನುವ ಅಂಗಡಿಗೆ ಅಲ್ಯೂಮಿನಿಯಂ ಬ್ಲಾಕ್ ಕೊಡಬೇಡಿ, ಎಷ್ಟೇ ಒಳ್ಳೆಯ ಕೈ ಇದ್ದರೂ.

ಬೋಲ್ಟ್ ರಂಧ್ರಗಳನ್ನು ಒಣಗಿಸೋದು ಮರೆಯಬಾರದು. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆಯೋ ನೀರೋ ಉಳಿದಿದ್ದರೆ ಬೋಲ್ಟ್ ತಿರುಗಿಸಿದಂತೆ ಆ ದ್ರವವೇ ಒತ್ತಿ ಬ್ಲಾಕನ್ನು ಸೀಳುತ್ತದೆ. 4.0, 4.6ರ ಹೆಡ್ ಬೋಲ್ಟ್ ಒಂದು ಸಲ ಬಿಗಿದರೆ ಹಿಗ್ಗಿಬಿಡುವ ಜಾತಿ. ಮೊದಲು 20 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ತಿರುಗಿಸಬೇಕು. ಪ್ರತಿ ಸಲ ಹೊಸದು ಹಾಕಬೇಕು.

ಇನ್ನೂ ದೊಡ್ಡ ಬೋರ್ ಬೇಕಾ?

ಹೇಗೂ ಹೊಸ ಲೈನರ್ ಹಾಕುತ್ತಿದ್ದೇವೆ, 94 ಯಾಕೆ, 96 ಮಾಡಿಬಿಡೋಣ ಅನ್ನುವ ಆಸೆ ಬರೋದು ಸಹಜ. ನನ್ನ ಮಾತು ನೇರ: ರಸ್ತೆಯ ಗಾಡಿಗೆ ಬೇಡ. 82 ಮಿ.ಮೀ. ಸ್ಟ್ರೋಕ್‌ನ 4.6ರಲ್ಲಿ ಬೋರ್ 94ರಿಂದ 96 ಮಾಡಿದರೆ ಸಿಗೋದು ಸುಮಾರು 195 ಸಿಸಿ. ಅದಕ್ಕೆ ಒಂದೋ ಲೈನರ್ ತೆಳುವಾಗಬೇಕು, ಇಲ್ಲ ಈಗಾಗಲೇ ಸೋತಿರುವ ಅಲ್ಯೂಮಿನಿಯಂ ಗೋಡೆ ಇನ್ನೂ ಸವೆಯಬೇಕು. ಅದೇ 94 ಬೋರ್ ಇಟ್ಟುಕೊಂಡು ಸ್ಟ್ರೋಕ್ 82ರಿಂದ 90ಕ್ಕೆ ಹೋದರೆ ಸುಮಾರು 445 ಸಿಸಿ ಸಿಗುತ್ತದೆ, ಗೋಡೆಯಿಂದ ಒಂದು ಚೂರೂ ಹೋಗೋದಿಲ್ಲ. ಟಿವಿಆರ್ ಕಂಪನಿ ಗ್ರಿಫಿತ್ ಕಾರಿನ 5.0 ಲೀಟರ್ ಎಂಜಿನ್ ಮಾಡಿದ್ದು ಹೀಗೇ. ಪಿಸ್ಟನ್ ವೇಗ ಜಾಸ್ತಿಯಾಗುತ್ತದೆ, ಪಿಸ್ಟನ್ ಗೋಡೆಗೆ ಒತ್ತುವ ಬಲವೂ ಜಾಸ್ತಿ, ಒಪ್ಪುತ್ತೇನೆ. ಆದರೂ ಬಾಳಿಕೆಯ ಲೆಕ್ಕದಲ್ಲಿ ಸ್ಟ್ರೋಕ್ ಕಡೆಯೇ ನನ್ನ ಮತ.

ರೋವರ್ ಕೂಡ ಅದನ್ನೇ ಮಾಡಿತು ಅನ್ನೋದು ಗಮನಿಸಬೇಕಾದ ವಿಷಯ. 3.9ರ ನಂತರ 4.2 ಬಂತು, ಬೋರ್ 94 ಹಾಗೇ, ಸ್ಟ್ರೋಕ್ 77. 1994ರಲ್ಲಿ 4.6 ಬಂತು, ಆಗಲೂ ಬೋರ್ 94, ಸ್ಟ್ರೋಕ್ 82. ಜೊತೆಗೆ ಕ್ರ್ಯಾಂಕ್ ಶಾಫ್ಟ್ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳಿಗೆ ಅಡ್ಡ ಬೋಲ್ಟ್ ಕೊಟ್ಟು ಬ್ಲಾಕ್‌ನ ಕೆಳಭಾಗ ಗಟ್ಟಿ ಮಾಡಿದರು. ಮೇಲ್ಭಾಗದ ಗೋಡೆ ಮಾತ್ರ ಹಾಗೇ ಉಳಿಯಿತು. 2004ರಲ್ಲಿ ಡಿಸ್ಕವರಿ 2 ನಿಲ್ಲುವ ತನಕ ಕಾಲರ್ ಲೈನರ್ ಕಾರ್ಖಾನೆಯಿಂದ ಬರಲೇ ಇಲ್ಲ.

ಬೇರೆಯವರು ದೊಡ್ಡ ಬೋರ್ ಮಾಡಿ ಗೆದ್ದಿಲ್ಲವಾ ಅಂದರೆ, ಗೆದ್ದಿದ್ದಾರೆ. ಜನರಲ್ ಮೋಟರ್ಸ್‌ನ ಎಲ್ಎಸ್1 ಎಂಜಿನ್‌ಗೆ ಅಲ್ಯೂಮಿನಿಯಂ ಬ್ಲಾಕ್, ಎರಕದಲ್ಲೇ ಸೇರಿದ ಲೈನರ್, ಬೋರ್ 99 ಮಿ.ಮೀ. 2006ರ ಕಾರ್ವೆಟ್ ಝಡ್06ಗೆ ಎಲ್ಎಸ್7 ಮಾಡುವಾಗ ಅದೇ 111.8 ಮಿ.ಮೀ. ಸಿಲಿಂಡರ್ ಅಂತರದಲ್ಲಿ ಬೋರನ್ನು 104.8ಕ್ಕೆ ಒಯ್ದರು. ಎರಡು ಬೋರ್‌ಗಳ ಮಧ್ಯೆ ಉಳಿದದ್ದು ಬರೀ 7 ಮಿ.ಮೀ. ಆದರೆ ಅವರು ಹಳೆಯ ಬ್ಲಾಕನ್ನು ಸುಮ್ನೆ ಕೊರೆಯಲಿಲ್ಲ. ಈ ಬೋರ್‌ಗಾಗಿಯೇ ಬ್ಲಾಕ್ ಬೇರೆ ಮಾಡಿ, ಲೈನರ್ ಒತ್ತಿ ಕೂರಿಸುವ ವಿಧಾನಕ್ಕೆ ಬಂದರು. ರೋವರ್‌ಗೂ ಅವರಿಗೂ ವ್ಯತ್ಯಾಸ ಇರೋದು ಇಲ್ಲೇ. ಲೈನರ್ ಒತ್ತಿ ಕೂರಿಸೋದು ಕೆಟ್ಟದ್ದಲ್ಲ, ಅದರ ಹಿಂದೆ ಏನಿದೆ ಅನ್ನೋದು ಮುಖ್ಯ.

ಕಾಲರ್ ಲೈನರ್ ಕೂಡ ಹೋದ ಅಲ್ಯೂಮಿನಿಯಂ ವಾಪಸ್ ತರೋದಿಲ್ಲ. ಬಿರುಕು ಬೋಲ್ಟ್ ರಂಧ್ರದ ಎಳೆಗಳ ತನಕ ಹೋಗಿದ್ದರೆ, ಅಥವಾ ಕೆಳಕ್ಕೆ ಕ್ರ್ಯಾಂಕ್‌ಕೇಸ್ ಕಡೆ ಇಳಿದಿದ್ದರೆ, ಆ ಬ್ಲಾಕ್ ಬಿಟ್ಟುಬಿಡಿ. ಮೇಲೆ ಕಾಲರ್ ಮುಚ್ಚಿದರೂ ನೀರು ಲೈನರ್ ಹಿಂದಿನಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಬೇರಿಂಗ್ ಹೋಗುತ್ತದೆ.

ನಮ್ಮ ಊರಿಗೆ ಬಂದರೆ, ರೋವರ್ ವಿ8 ಇಲ್ಲಿ ಸಿಗೋದೇ ಅಪರೂಪ. ಆದರೆ ಮಾರುತಿ ಜೆನ್ ಕಾಲದಿಂದ ಅಲ್ಯೂಮಿನಿಯಂ ಬ್ಲಾಕ್ ನಮ್ಮ ಬೋರಿಂಗ್ ಅಂಗಡಿಗಳಿಗೂ ಬಂದಿದೆ, ಈಗಿನ ಪೆಟ್ರೋಲ್ ಕಾರುಗಳಲ್ಲಂತೂ ಅದೇ ಜಾಸ್ತಿ. ಕಬ್ಬಿಣದ ಬ್ಲಾಕ್‌ಗೆ ಬಿಗಿ ಲೈನರ್ ಪ್ರೆಸ್‌ನಲ್ಲಿ ಹೊಡೆದು ಕೂರಿಸುವ ಅಭ್ಯಾಸ ನಮ್ಮವರಿಗೆ ಕೈಯಲ್ಲೇ ಇದೆ. ಅದೇ ಬಿಗಿ, ಅದೇ ಪ್ರೆಸ್ ಅಲ್ಯೂಮಿನಿಯಂಗೆ ಬಳಸಿದರೆ ಲೈನರ್ ಇಳಿಯುವಾಗ ಮೆತ್ತನೆಯ ಗೋಡೆಯನ್ನು ಕೆರೆದುಕೊಂಡೇ ಹೋಗುತ್ತದೆ. ಆ ಗೀರುಗಳಲ್ಲಿ ಲೋಹಕ್ಕೆ ಲೋಹ ತಾಗೋದಿಲ್ಲ, ಶಾಖ ದಾಟೋದಿಲ್ಲ, ಅಲ್ಲೇ ಪಿಸ್ಟನ್ ಕಚ್ಚುತ್ತದೆ. ಕಾಯಿಸಿ ಇಳಿಸುವ ಒಲೆ ಇದೆಯಾ ಅಂತ ಮೊದಲೇ ಕೇಳಿ.

ಕೆಲಸ ಮುಗಿದು ಗಾಡಿ ಓಡಿದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಕೂಲೆಂಟ್ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ. ರಾತ್ರಿಯೆಲ್ಲ ನಿಂತ ಮೇಲೂ ಮೇಲಿನ ಹೋಸ್ ಒತ್ತಿದಾಗ ಗಟ್ಟಿಯಾಗಿದ್ದರೆ ಗ್ಯಾಸ್ ಇನ್ನೂ ಒಳಗೆ ಹೋಗುತ್ತಿದೆ. ರೋವರ್ ವಿ8 ಆಗಲಿ, ಬೇರೆ ಅಲ್ಯೂಮಿನಿಯಂ ಎಂಜಿನ್ ಆಗಲಿ, ಲೈನರ್ ಹಾಕಿ ರೆಡಿ ಮಾಡಿದ ಬ್ಲಾಕ್ ಕೊಳ್ಳುವುದಾದರೆ ಮಾರುವವರ ಹತ್ತಿರ ಪ್ರೆಷರ್ ಟೆಸ್ಟ್ ವರದಿ ಕೇಳಿ. ಅಲ್ಟ್ರಾಸೌಂಡ್ ಗೇಜ್‌ನಲ್ಲಿ ಪ್ರತಿ ಸಿಲಿಂಡರ್‌ನ ಗೋಡೆ ಅಳೆದ ಅಂಕಿಗಳನ್ನೂ ಕೇಳಿ, ಅದರಲ್ಲಿ ಸರಾಸರಿ ಬಿಟ್ಟು ತೀರಾ ತೆಳುವಾದ ಜಾಗದ ಅಂಕಿ ನೋಡಿ. ಕಾಗದ ಕೊಡದೆ ಬಾಯಿಮಾತಲ್ಲಿ ಚೆನ್ನಾಗಿದೆ ಅಂದರೆ ಆ ಬ್ಲಾಕ್ ಬೇಡ.